ಇರುಳುಗಣ್ಣು, ಎರಡು ಮಿಲಿ ಚಮಚ, ಒಂದು ಹಿಡಿ ನುಗ್ಗೆಸೊಪ್ಪು: ಓದುಗರ ಪ್ರಶ್ನೆಗಳಿಗೆ ಉತ್ತರ

ವಿಟಮಿನ್ ಎ ಕೊರತೆಯ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವುಗಳಿಗೆ ಇಲ್ಲಿ ಉತ್ತರವಿದೆ. ಉತ್ತರಗಳಲ್ಲಿ ಬರುವ ‘ಐಯು’ ಅಂದರೆ ಔಷಧದ ಬಾಟಲಿಯ ಮೇಲೆ ಬರೆದಿರುವ ಅಂತರರಾಷ್ಟ್ರೀಯ ಘಟಕ. 1 ಐಯು ಎಂದರೆ 0.3 ಮೈಕ್ರೋಗ್ರಾಂ ರೆಟಿನಾಲ್, ಅಂದರೆ ದೇಹ ನೇರವಾಗಿ ಬಳಸಬಲ್ಲ ತಯಾರು ವಿಟಮಿನ್ ಎ.

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ. ದೀಪ ಹಚ್ಚುವ ಹೊತ್ತಾದರೆ ಹೊಸ್ತಿಲು ಎಡವುತ್ತಾಳೆ, ತಟ್ಟೆ ಎದುರಿಗಿದ್ದರೂ ಕೈಯಿಂದ ತಡಕುತ್ತಾಳೆ. ಕಣ್ಣಿನ ಬಿಳಿಭಾಗದಲ್ಲಿ, ಕಿವಿಯ ಕಡೆಗೆ, ಸಾಬೂನಿನ ನೊರೆ ಒಣಗಿ ಅಂಟಿದಂತೆ ಕಾಣುತ್ತದೆ. ಕ್ಯಾರೆಟ್ ಕೊಡುತ್ತಿದ್ದೇವೆ. ಎಷ್ಟು ದಿನಕ್ಕೆ ಸರಿಹೋದೀತು? (ದೇವದುರ್ಗ ತಾಲ್ಲೂಕು)

ಕ್ಯಾರೆಟ್ ಕೊಡುತ್ತಾ ಕಾಯಬೇಡಿ. ಈ ಪತ್ರಿಕೆ ಕೆಳಗಿಟ್ಟು ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ನೀವು ಬರೆದಿರುವುದು ಇರುಳುಗಣ್ಣು ಮತ್ತು ಬಿಟೋ ಚುಕ್ಕೆ (ಬಿಳಿಭಾಗದ ಆ ನೊರೆಯಂಥ ಕಲೆ), ಎರಡನ್ನೂ. ಎರಡೂ ಒಟ್ಟಿಗೆ ಕಂಡರೆ ಮಗುವಿನ ಪಿತ್ತಜನಕಾಂಗದಲ್ಲಿ ಇರಬೇಕಾದ ದಾಸ್ತಾನು ತಳ ಕಂಡಿದೆ ಎಂದೇ ತಿಳಿಯಬೇಕು. ಆಹಾರ ಆ ದಾಸ್ತಾನನ್ನು ತಿಂಗಳುಗಟ್ಟಲೆ ತುಂಬುತ್ತದೆ. ಕಣ್ಣು ಅಷ್ಟು ದಿನ ಕಾಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಚಿಕಿತ್ಸೆಯಲ್ಲಿ ಮೂರು ಡೋಸ್ ಇವೆ. ವರ್ಷ ತುಂಬಿದ ಮಗುವಿಗೆ ಗುರುತಿಸಿದ ದಿನವೇ 2 ಲಕ್ಷ ಐಯು, ಮರುದಿನ 2 ಲಕ್ಷ, ಕನಿಷ್ಠ ಎರಡು ವಾರ ಕಳೆದ ಮೇಲೆ ಮತ್ತೆ 2 ಲಕ್ಷ. ಆರರಿಂದ ಹನ್ನೆರಡು ತಿಂಗಳ ಮಗುವಾದರೆ ಪ್ರತಿ ಸಲ 1 ಲಕ್ಷ, ಆರು ತಿಂಗಳಿಗಿಂತ ಚಿಕ್ಕದಾದರೆ 50 ಸಾವಿರ. ಎಲ್ಲವನ್ನೂ ಬಾಯಿಂದಲೇ ಕೊಡಬೇಕು. ಎಣ್ಣೆ ಆಧಾರಿತ ದ್ರಾವಣವನ್ನು ಚುಚ್ಚುಮದ್ದಾಗಿ ಕೊಟ್ಟರೆ ಅದು ಚುಚ್ಚಿದ ಜಾಗದಲ್ಲೇ ಉಳಿಯುತ್ತದೆ, ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಮೂರನೆಯ ಡೋಸ್. ಎರಡು ದಿನದಲ್ಲಿ ಮಗು ಸಂಜೆ ಓಡಾಡತೊಡಗುತ್ತದೆ, ಮನೆಯವರು ಆ ಕಡೆ ತಲೆಹಾಕುವುದಿಲ್ಲ. ಆದರೆ ಮೊದಲ ಎರಡು ಡೋಸ್ ಮಾಡಿದ್ದು ಕಣ್ಣನ್ನು ಅಪಾಯದಿಂದ ಎಳೆದುಕೊಳ್ಳುವ ಕೆಲಸ, ದಾಸ್ತಾನು ಕಟ್ಟುವುದು ಮೂರನೆಯದು. ದಿನಾಂಕವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ.

ಇರುಳುಗಣ್ಣು ಒಂದೆರಡು ದಿನದಲ್ಲೇ ಹಿಂದೆ ಸರಿಯುತ್ತದೆ. ನೊರೆಚುಕ್ಕೆ ಸಾಮಾನ್ಯವಾಗಿ ಎರಡು ವಾರದೊಳಗೆ ಕರಗುತ್ತದೆ. ಕೆಲವು ಮಕ್ಕಳಲ್ಲಿ, ಅದರಲ್ಲೂ ಶಾಲೆಗೆ ಹೋಗುವ ವಯಸ್ಸಿನವರಲ್ಲಿ, ಚುಕ್ಕೆ ಹಳೆಯ ಗುರುತಾಗಿ ಉಳಿದುಬಿಡಬಹುದು. ಅದು ಉಳಿದಿದೆ ಎಂದು ಮತ್ತೆ ಮತ್ತೆ ಔಷಧ ಕುಡಿಸಬಾರದು.

ಇನ್ನೊಂದು ಮಾತು. ಮಗು ಬೆಳಕಿಗೆ ಕಣ್ಣು ಬಿಡದಿದ್ದರೆ, ಕಪ್ಪುಗುಡ್ಡೆ ಉಸಿರು ತಾಗಿದ ಕನ್ನಡಿಯಂತೆ ಮಂಕಾದರೆ, ಅದರ ಮೇಲೆ ಬಿಳಿ ಕಲೆ ಅಥವಾ ಹುಣ್ಣು ಕಂಡರೆ ಪ್ರಾಥಮಿಕ ಕೇಂದ್ರದಲ್ಲಿ ಮೊದಲ ಡೋಸ್ ಹಾಕಿಸಿ ನೇರ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಗುಡ್ಡೆ ಗಂಟೆಗಳ ಲೆಕ್ಕದಲ್ಲಿ ಮೆತ್ತಗಾಗಿ ಕರಗಬಹುದು. ಕರಗಿದ ಭಾಗ ಮರಳಿ ಬರುವುದಿಲ್ಲ. ದಾರಿಯಲ್ಲಿ ಕಣ್ಣು ಒತ್ತಬೇಡಿ, ಉಜ್ಜಲು ಬಿಡಬೇಡಿ, ಬಿಗಿ ಪಟ್ಟಿ ಕಟ್ಟಬೇಡಿ. ಎದೆಹಾಲು, ಹರಳೆಣ್ಣೆ, ನಂದಿಬಟ್ಟಲ ಹೂವಿನ ರಸ, ಕಾಡಿಗೆ ಯಾವುದನ್ನೂ ಬಿಡಬೇಡಿ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಸ್ಟೀರಾಯ್ಡ್ ಹನಿಯಂತೂ ಹುಣ್ಣಿರುವ ಗುಡ್ಡೆಯನ್ನು ತೂತು ಮಾಡಬಲ್ಲದು.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಬಾಟಲಿ ತೆರೆದ ಮೇಲೆ ಎಷ್ಟು ದಿನ ಇಡಬಹುದು? ಜೊತೆಗೆ ಬಂದ ಚಮಚ ಕಳೆದುಹೋದರೆ ಟೀ ಚಮಚ ಬಳಸಬಹುದೆ? (ಪಾವಗಡ)

ಟೀ ಚಮಚ ಬೇಡವೇ ಬೇಡ. ದ್ರಾವಣದ ಪ್ರತಿ 1 ಮಿಲಿಯಲ್ಲಿ 1 ಲಕ್ಷ ಐಯು ಇದೆ. ಬಾಟಲಿಯ ಜೊತೆ ಬರುವ ಚಮಚ 2 ಮಿಲಿಯದು, ಅದರಲ್ಲಿ 1 ಮಿಲಿಗೆ ಗೆರೆ ಇರುತ್ತದೆ. ಮನೆಯ ಟೀ ಚಮಚ ಸುಮಾರು 5 ಮಿಲಿ ಹಿಡಿಯುತ್ತದೆ. ತುಂಬಿಸಿ ಕೊಟ್ಟರೆ ಐದು ಲಕ್ಷ, ಅಂದರೆ ಎರಡೂವರೆ ಪಟ್ಟು. 2001ರಲ್ಲಿ ಅಸ್ಸಾಂನ ಅಭಿಯಾನವೊಂದರಲ್ಲಿ ಚಮಚದ ಬದಲು 5 ಮಿಲಿಯ ಅಳತೆ ಬಟ್ಟಲು ಬಳಕೆಗೆ ಬಂತು. ಅನೇಕ ಮಕ್ಕಳು ಅಸ್ವಸ್ಥರಾದರು, ವರದಿಯಾದ ಸಾವುಗಳ ಕಾರಣದ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಚಮಚ ಕಳೆದರೆ ಸೂಜಿ ತೆಗೆದ 2 ಮಿಲಿ ಸಿರಿಂಜನ್ನು ನಿಮ್ಮ ಆರೋಗ್ಯ ಸಹಾಯಕಿ ಎಎನ್‌ಎಂ ಕೈಯಿಂದ ಕೇಳಿ ಪಡೆಯಿರಿ.

ತೆರೆದ ಬಾಟಲಿಯನ್ನು ಎಂಟು ವಾರದೊಳಗೆ ಮುಗಿಸಬೇಕು. ತೆರೆದ ದಿನಾಂಕವನ್ನು ಲೇಬಲ್ ಮೇಲೆ ಪೆನ್ನಿನಲ್ಲಿ ಬರೆಯಿರಿ; ನೆನಪಿನಲ್ಲಿಟ್ಟುಕೊಳ್ಳುತ್ತೇನೆ ಎಂದವರ ಬಾಟಲಿ ಮೂರು ತಿಂಗಳಾದರೂ ಕಪಾಟಿನಲ್ಲೇ ಇರುತ್ತದೆ. ಬೆಳಕು, ಬಿಸಿ, ಗಾಳಿ ಮೂರೂ ವಿಟಮಿನ್ ಎಯನ್ನು ಕೆಡಿಸುತ್ತವೆ. ಕಿಟಕಿಯ ಬಳಿ, ಒಲೆಯ ಪಕ್ಕ, ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ.

ವೇಳಾಪಟ್ಟಿ ಹೀಗಿದೆ: ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಜೊತೆ 1 ಮಿಲಿ. 16ರಿಂದ 18 ತಿಂಗಳಲ್ಲಿ 2 ಮಿಲಿ. ಅಲ್ಲಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ 2 ಮಿಲಿ. ಒಟ್ಟು ಒಂಬತ್ತು ಡೋಸ್, 17 ಲಕ್ಷ ಐಯು. ನಡುವೆ ಎರಡು ಡೋಸ್ ತಪ್ಪಿದ್ದರೆ ಎರಡನ್ನೂ ಒಂದೇ ದಿನ ಕುಡಿಸಿ ಲೆಕ್ಕ ಸರಿಮಾಡಬಾರದು. ಇವತ್ತು ಒಂದು, ಆರು ತಿಂಗಳ ಮೇಲೆ ಮುಂದಿನದು.

ಅಳುವ ಮಗುವಿನ ಮೂಗು ಹಿಡಿದು ಸುರಿಯುವ ರೂಢಿ ಕೆಲವೆಡೆ ಇದೆ, ಅದನ್ನು ಬಿಡಿ. ಇದು ಎಣ್ಣೆ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ತರುತ್ತದೆ. ಮಗುವನ್ನು ಕೂರಿಸಿ, ಸಮಾಧಾನ ಮಾಡಿ, ಕೆನ್ನೆಯ ಒಳಬದಿಗೆ ನಿಧಾನ ಬಿಡಿ.

ಪ್ರಶ್ನೆ: ಅಂಗನವಾಡಿಯಲ್ಲಿ ಹಾಕಿಸಿದ ಹತ್ತು ದಿನಕ್ಕೆ ಖಾಸಗಿ ಕ್ಲಿನಿಕ್‌ನಲ್ಲೂ ವಿಟಮಿನ್ ಎ ಕೊಟ್ಟುಬಿಟ್ಟರು. ಮಗನಿಗೆ ಎರಡು ವರ್ಷ. ಭಯವಾಗಿದೆ. (ಹುಬ್ಬಳ್ಳಿ)

ಎರಡೂ ಸರಿಯಾದ ಅಳತೆಯವಾಗಿದ್ದರೆ ದೊಡ್ಡ ಅಪಾಯವಿಲ್ಲ. ಮೇಲಿನ ಚಿಕಿತ್ಸೆಯಲ್ಲಿ ಇದೇ ವಯಸ್ಸಿನ ಮಗುವಿಗೆ ಎರಡು ದಿನದಲ್ಲಿ ಎರಡು ಡೋಸ್ ಕೊಡುವುದನ್ನು ನೋಡಿದಿರಿ. ವಾಂತಿ, ತಲೆನೋವು, ಮಂಪರು, ಹಸುಗೂಸಾದರೆ ನೆತ್ತಿ ಉಬ್ಬುವುದು ಆಗಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ವಾಂತಿ ನಿಲ್ಲದಿದ್ದರೆ, ಮಗು ಎಚ್ಚರಗೊಳ್ಳಲು ಕಷ್ಟಪಟ್ಟರೆ ತೋರಿಸಿ. ಎರಡು ಕಡೆ ಲಸಿಕೆ ಹಾಕಿಸುವವರು ಒಂದೇ ಕಾರ್ಡನ್ನು ಎರಡೂ ಕಡೆ ಒಯ್ಯಬೇಕು, ಅಷ್ಟೆ.

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಸೊಪ್ಪಿನ ಸಾರು. ಆದರೂ ಮಗುವಿಗೆ ವಿಟಮಿನ್ ಎ ಕೊರತೆ ಎಂದರು. ಹಾಗಾದರೆ ಸೊಪ್ಪು ತಿಂದು ಏನು ಬಂತು? ಬಸ್ಸಾರಿಗೆ ಸೊಪ್ಪು ಬಸಿಯುವಾಗ ಸತ್ವ ಹೋಗುತ್ತದೆಯೆ? (ಮಂಡ್ಯ)

ಒಳ್ಳೆಯ ಪ್ರಶ್ನೆ. ಸೊಪ್ಪಿನಲ್ಲಿರುವುದು ವಿಟಮಿನ್ ಎ ಅಲ್ಲ, ಅದರ ಕಚ್ಚಾ ಮಾಲಾದ ಬೀಟಾ ಕ್ಯಾರೋಟಿನ್. ಕರುಳು ಅದನ್ನು ಹೀರಿ, ಒಡೆದು ರೆಟಿನಾಲ್ ಮಾಡಿಕೊಳ್ಳಬೇಕು. ಪೌಷ್ಟಿಕತಜ್ಞರು ಬಳಸುವ ಒಂದು ಲೆಕ್ಕದಲ್ಲಿ ಆಹಾರದ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್‌ನಿಂದ ಸಿಗುವುದು 1 ಮೈಕ್ರೋಗ್ರಾಂ ರೆಟಿನಾಲ್. ಸೊಪ್ಪಿನ ಜೀವಕೋಶದ ಗೋಡೆ ಗಟ್ಟಿ, ಆದ್ದರಿಂದ ಅದಕ್ಕೂ ಕಡಿಮೆ ಸಿಗುವುದುಂಟು.

ಈಗ ನಿಮ್ಮ ಮಗುವಿನ ತಟ್ಟೆ ನೋಡೋಣ. ಸಾರಿನಲ್ಲಿ ಸೊಪ್ಪು ಇತ್ತು, ಆದರೆ ಮಗುವಿಗೆ ಕಲಸಿದ್ದು ತಿಳಿಯನ್ನು. ಸೊಪ್ಪು ದೊಡ್ಡವರ ಮುದ್ದೆಯ ಪಕ್ಕಕ್ಕೆ ಹೋಯಿತು. ಮಗು ಚಿಕ್ಕದು ಎಂದು ಒಗ್ಗರಣೆಯನ್ನೂ ಹಾಕಲಿಲ್ಲ. ಎರಡೂ ತಪ್ಪಿದವು. ಕ್ಯಾರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹಾಗಾಗಿ ಬಸ್ಸಾರಿನ ಬಗೆಗಿನ ನಿಮ್ಮ ಅನುಮಾನಕ್ಕೆ ಉತ್ತರ: ಬಸಿದ ನೀರಿಗೆ ಹೋಗುವುದು ಫೋಲೇಟ್, ವಿಟಮಿನ್ ಸಿ ಮುಂತಾದವು. ಅದನ್ನೇ ಸಾರು ಮಾಡುವುದರಿಂದ ಅವೂ ಪೂರ್ತಿ ನಷ್ಟವಲ್ಲ. ಕ್ಯಾರೋಟಿನ್ ಉಳಿಯುವುದು ಪಲ್ಯದಲ್ಲಿ. ಕಣ್ಣಿಗೆ ಬೇಕಾದದ್ದು ಪಲ್ಯ, ಸಾರಲ್ಲ.

ಸೊಪ್ಪುಗಳಲ್ಲಿ ನುಗ್ಗೆಗೆ ಸಾಟಿ ಕಡಿಮೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಹಸಿ ನುಗ್ಗೆಸೊಪ್ಪಿಗೆ 17 ಸಾವಿರ ಮೈಕ್ರೋಗ್ರಾಂಗೂ ಮೇಲ್ಪಟ್ಟು ಬೀಟಾ ಕ್ಯಾರೋಟಿನ್ ಇದೆ. ಕ್ಯಾರೆಟ್ಟಿನದು ಅದರ ಮೂರನೇ ಒಂದು ಭಾಗದ ಹತ್ತಿರ. 30 ಗ್ರಾಂ, ಅಂದರೆ ಕಡ್ಡಿ ಬಿಡಿಸಿದ ಒಂದು ದೊಡ್ಡ ಹಿಡಿ ನುಗ್ಗೆಸೊಪ್ಪು, 12ರ ಲೆಕ್ಕದಲ್ಲಿ ಸುಮಾರು 425 ಮೈಕ್ರೋಗ್ರಾಂ ರೆಟಿನಾಲ್‌ಗೆ ಸಮ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು 390. ಅರ್ಧವೇ ಹೀರಿದರೂ ನಷ್ಟವಿಲ್ಲ, ಉಳಿದದ್ದನ್ನು ಹಾಲು, ಮೊಟ್ಟೆ ತುಂಬುತ್ತವೆ. ಒಂದು ಮೊಟ್ಟೆಯ ಹಳದಿಯಲ್ಲಿ 75-80 ಮೈಕ್ರೋಗ್ರಾಂ ತಯಾರು ರೆಟಿನಾಲ್ ಇರುತ್ತದೆ, ಕರುಳು ಒಡೆಯುವ ತಾಪತ್ರಯವಿಲ್ಲ. ಅಗಸೆಸೊಪ್ಪು, ದಂಟು, ಹರಿವೆ, ಕರಿಬೇವು ಎಲ್ಲವೂ ಸಮೃದ್ಧ. ಹೊನಗೊನ್ನೆಸೊಪ್ಪು ಕಣ್ಣಿಗೆ ಒಳ್ಳೆಯದೆಂದು ಅಜ್ಜಿಯರು ಹೇಳುತ್ತಿದ್ದುದರಲ್ಲಿ ಹುರುಳಿದೆ. ಆದರೆ ತಿನ್ನಬೇಕು, ಕಣ್ಣಿಗೆ ಹಿಂಡಬಾರದು.

ಮಾಡುವ ಬಗೆ: ಎಳೆ ಎಲೆ ಬಿಡಿಸಿ, ಸಣ್ಣಗೆ ಹೆಚ್ಚಿ, ಒಂದು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, ಮುಚ್ಚಳ ಮುಚ್ಚಿ ಮೆತ್ತಗಾಗುವವರೆಗೆ ಮಾತ್ರ ಬೇಯಿಸಿ. ಬೇಯುವುದರಿಂದ ಜೀವಕೋಶದ ಗೋಡೆ ಸಡಿಲವಾಗಿ ಕ್ಯಾರೋಟಿನ್ ಹೊರಬರುತ್ತದೆ, ಅಂದರೆ ಹಸಿಗಿಂತ ಬೆಂದದ್ದೇ ಮೇಲು. ಮುಚ್ಚಳ ತೆರೆದು ಗಂಟೆಗಟ್ಟಲೆ ಕುದಿಸಿದರೆ ಮಾತ್ರ ಕೆಡುತ್ತದೆ. ಮಗುವಿನ ಊಟಕ್ಕೆ ಈ ಪಲ್ಯವನ್ನು ಬೇಳೆಯ ಜೊತೆ ಮಸೆದು ಮಸ್ಸೊಪ್ಪಿನಂತೆ ಕೊಡಿ, ಅಥವಾ ಅಕ್ಕಿರೊಟ್ಟಿ ಹಿಟ್ಟಿಗೆ ಸೇರಿಸಿ. ಪುಡಿ ಮಾಡಿಡುವವರು ಎಲೆಯನ್ನು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ಕಂದಾಗುತ್ತದೆ, ಅದರ ಜೊತೆ ಕ್ಯಾರೋಟಿನ್ ಕೂಡ.

ಹಳದಿ ಬಣ್ಣದ್ದೆಲ್ಲ ಕ್ಯಾರೋಟಿನ್ ಅಲ್ಲ. ಅರಿಶಿನದ ಹಳದಿಯೇ ಬೇರೆ. ಸಂತೆಯಲ್ಲಿ ಸಿಗುವ ಬಿಳಿ ತಿರುಳಿನ ಗೆಣಸಿನಲ್ಲಿ ಕ್ಯಾರೋಟಿನ್ ಅತ್ಯಲ್ಪ. ಕಿತ್ತಳೆ ತಿರುಳಿನದು ಬೇಕು. ತಿರುವನಂತಪುರದ ಕೇಂದ್ರೀಯ ಗೆಡ್ಡೆಗೆಣಸು ಸಂಶೋಧನಾ ಸಂಸ್ಥೆಯ ‘ಭೂ ಸೋನಾ’ ತಳಿಯಲ್ಲಿ 100 ಗ್ರಾಂಗೆ ಸುಮಾರು 14 ಮಿಲಿಗ್ರಾಂ ಇದೆ. ಗೆಣಸು ಬೆಳೆಯುವ ಬೆಳಗಾವಿ ಕಡೆಯ ರೈತರು ಮನೆಬಳಕೆಗಾದರೂ ಒಂದು ಸಾಲು ಹಾಕಬಹುದು.

ಪ್ರಶ್ನೆ: ಏಳು ತಿಂಗಳ ಗರ್ಭಿಣಿ. ಹದಿನೈದು ದಿನದಿಂದ ಸಂಜೆ ಕಣ್ಣು ಕಾಣುತ್ತಿಲ್ಲ. ಮಕ್ಕಳಿಗೆ ಕೊಡುವ ಔಷಧವನ್ನೇ ಎರಡು ಚಮಚ ಕುಡಿಯಲೆ? (ಯಾದಗಿರಿ)

ಖಂಡಿತ ಕುಡಿಯಬೇಡಿ. ಗರ್ಭಿಣಿಗೆ ದಿನಕ್ಕೆ 10 ಸಾವಿರ ಐಯು ದಾಟಬಾರದು, ವಾರಕ್ಕೊಮ್ಮೆ ಕೊಡುವುದಾದರೆ 25 ಸಾವಿರ ದಾಟಬಾರದು. ನೀವು ಕೇಳುತ್ತಿರುವುದು ಒಮ್ಮೆಗೇ 4 ಲಕ್ಷ. ಹೆಚ್ಚಿನ ಡೋಸ್, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ, ಮಗುವಿನ ಅಂಗರಚನೆಯನ್ನೇ ಕೆಡಿಸಬಲ್ಲದು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗುವಿಗೂ ಪಾಲು ಹೋಗುವುದರಿಂದ ಇರುಳುಗಣ್ಣು ಕಾಣಿಸಿಕೊಳ್ಳುವುದುಂಟು. ‘ಬಸುರಿಗೆ ಇದು ಇದ್ದದ್ದೇ, ಹೆತ್ತ ಮೇಲೆ ಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹೋಗುತ್ತದೆ, ನಿಜ. ಆದರೆ ಆ ಸಮಾಧಾನದಲ್ಲೇ ರಕ್ತಹೀನತೆಯೂ ಮುಚ್ಚಿಹೋಗುತ್ತದೆ. ವೈದ್ಯರು ದಿನಕ್ಕೆ 5ರಿಂದ 10 ಸಾವಿರ ಐಯು ಕನಿಷ್ಠ ನಾಲ್ಕು ವಾರ ಬರೆಯುತ್ತಾರೆ, ಹಿಮೋಗ್ಲೋಬಿನ್ ನೋಡುತ್ತಾರೆ. ಸೊಪ್ಪು, ಪಪ್ಪಾಯಿ ಹಣ್ಣು, ಮಾವಿನಹಣ್ಣಿನ ಕ್ಯಾರೋಟಿನ್‌ಗೆ ಈ ಮಿತಿಯಿಲ್ಲ. ದೇಹ ಬೇಕಾದಷ್ಟನ್ನೇ ರೆಟಿನಾಲ್ ಮಾಡಿಕೊಳ್ಳುತ್ತದೆ. ಕುರಿ-ಮೇಕೆಯ ಈಲಿಯಲ್ಲಿ ಮಾತ್ರ ತಯಾರು ರೆಟಿನಾಲ್ ಅತಿಯಾಗಿರುವುದರಿಂದ ಹೆರಿಗೆಯವರೆಗೆ ಬೇಡ.

ಪ್ರಶ್ನೆ: ತಮ್ಮನಿಗೆ 22 ವರ್ಷ. ಚಿಕ್ಕಂದಿನಿಂದ ರಾತ್ರಿ ಕಾಣುವುದಿಲ್ಲ. ಎಷ್ಟೋ ವಿಟಮಿನ್ ಎ ಮಾತ್ರೆ ನುಂಗಿದರೂ ಪ್ರಯೋಜನವಿಲ್ಲ. ಅಪ್ಪ ಅಮ್ಮ ಸೋದರಮಾವ-ಸೊಸೆ. (ಚಿತ್ರದುರ್ಗ)

ಮಾತ್ರೆ ನಿಲ್ಲಿಸಿ, ಅಕ್ಷಿಪಟಲ ಪರೀಕ್ಷಿಸುವ ಕಣ್ಣಾಸ್ಪತ್ರೆಗೆ ಹೋಗಿ. ಕೊರತೆಯ ಇರುಳುಗಣ್ಣು ಔಷಧಕ್ಕೆ ದಿನಗಳಲ್ಲಿ ಜಗ್ಗುತ್ತದೆ. ಜಗ್ಗದೆ ವರ್ಷಗಟ್ಟಲೆ ಇದ್ದರೆ, ಜೊತೆಗೆ ಪಕ್ಕದ ನೋಟವೂ ಕಿರಿದಾಗುತ್ತಿದ್ದರೆ, ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ಕಾಯಿಲೆಯ ಶಂಕೆ ಮೊದಲು ಬರಬೇಕು. ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಹೆಚ್ಚಿನ ಡೋಸ್ ನುಂಗಿದ್ದರೆ ಪಿತ್ತಜನಕಾಂಗದ ಪರೀಕ್ಷೆಯನ್ನೂ ಮಾಡಿಸಿ. ವಿಟಮಿನ್ ಸಿಯಂತೆ ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುವ ಜಾತಿಯಲ್ಲ ಇದು.

ಪ್ರಶ್ನೆ: ಮನೆಯಲ್ಲಿ ಮಗುವಿಗೆ ದಡಾರ. ‘ಅಮ್ಮ ಬಂದಿದ್ದಾಳೆ’ ಎಂದು ಒಗ್ಗರಣೆ, ಮೊಟ್ಟೆ, ಔಷಧ ಎಲ್ಲ ನಿಲ್ಲಿಸಿದ್ದಾರೆ. (ಕೊಪ್ಪಳ)

ಬೇವಿನ ಸೊಪ್ಪು ಬಾಗಿಲಿಗೆ ಇರಲಿ, ಅದರಿಂದ ತೊಂದರೆಯಿಲ್ಲ. ಆದರೆ ದಡಾರ ಬಂದಾಗ ದೇಹ ವಿಟಮಿನ್ ಎಯನ್ನು ಬೇಗ ಬೇಗ ಖರ್ಚುಮಾಡುತ್ತದೆ, ಹೀರುವುದೂ ಕಡಿಮೆಯಾಗುತ್ತದೆ. ಅದೇ ವಾರದಲ್ಲಿ ಮನೆಯಲ್ಲಿ ಎಣ್ಣೆ, ಮೊಟ್ಟೆ ಬಂದ್. ಅಂಚಿನಲ್ಲಿದ್ದ ಮಗುವಿನ ಕಣ್ಣು ಹೋಗುವುದು ಹೀಗೆ. ದಡಾರದ ಪ್ರತಿ ಮಗುವಿಗೂ ವಯಸ್ಸಿಗೆ ತಕ್ಕ ಡೋಸ್ ಎರಡು ದಿನ ಸತತ ಕೊಡಬೇಕು. ಕಣ್ಣಿನ ಲಕ್ಷಣವಿದ್ದರೆ ಮೂರನೆಯದೂ ಇದೆ. ಇದು ಚುಚ್ಚುವುದಲ್ಲ, ಬಾಯಿಗೆ ಹಾಕುವ ಎರಡು ಮಿಲಿ ಎಂದು ಹಿರಿಯರಿಗೆ ಹೇಳಿ ನೋಡಿ, ಒಪ್ಪಬಹುದು. ಎದೆಹಾಲು ನಿಲ್ಲಿಸಲೇಬೇಡಿ.

ಪ್ರಶ್ನೆ: ಕುಂಬಳ, ಕ್ಯಾರೆಟ್ ಬೇಯಿಸಿ ತಿನ್ನಿಸುತ್ತಿದ್ದೆ. ಹತ್ತು ತಿಂಗಳ ಮಗುವಿನ ಅಂಗೈ, ಮೂಗು ಕಿತ್ತಳೆ ಬಣ್ಣವಾಗಿದೆ. ಕಾಮಾಲೆಯೆ? (ಮಸ್ಕತ್)

ಕಣ್ಣಿನ ಬಿಳಿಭಾಗ ನೋಡಿ. ಅದು ಬೆಳ್ಳಗಿದ್ದು, ಮೂತ್ರ ಗಾಢವಾಗಿಲ್ಲದಿದ್ದರೆ ಚರ್ಮದಲ್ಲಿ ಕ್ಯಾರೋಟಿನ್ ಕೂತಿದೆ, ನಿರಪಾಯ. ದಿನಬಿಟ್ಟು ದಿನ ಕೊಡಿ, ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ. ಕಣ್ಣೂ ಹಳದಿಯಾಗಿದ್ದರೆ ಅದೇ ದಿನ ವೈದ್ಯರ ಬಳಿ.

ಪ್ರಶ್ನೆ: ಮೊಣಕೈ, ಮೊಣಕಾಲಿನ ಮೇಲೆ ಮುಳ್ಳು ಮುಳ್ಳಾಗಿ ಚರ್ಮ ಒರಟಾಗಿದೆ. ವಿಟಮಿನ್ ಎ ಕೊಡಬಹುದೆ? (ಶಿರಸಿ)

ಕಪ್ಪೆಚರ್ಮ ಎನ್ನುವ ಈ ತೊಂದರೆಯನ್ನು ಹಿಂದೆ ವಿಟಮಿನ್ ಎ ಕೊರತೆಗೇ ಕಟ್ಟುತ್ತಿದ್ದರು. ಆವಶ್ಯಕ ಕೊಬ್ಬಿನಾಮ್ಲ, ಬಿ ಗುಂಪಿನ ವಿಟಮಿನ್‌ಗಳ ಕೊರತೆಯೂ ಇದರ ಹಿಂದಿರುತ್ತದೆ. ಕಣ್ಣಿನ ಲಕ್ಷಣವಿಲ್ಲದೆ ದೊಡ್ಡ ಡೋಸ್ ಬೇಡ. ಅಡುಗೆ ಎಣ್ಣೆ, ಕಡಲೆಕಾಯಿ, ಎಳ್ಳು ಹೆಚ್ಚಿಸಿ, ವೈದ್ಯರು ಹೇಳಿದಂತೆ ಬಿ ಕಾಂಪ್ಲೆಕ್ಸ್ ಕೊಡಿ.

ಪ್ರಶ್ನೆ: ದೇಶದಲ್ಲಿ ಕೊರತೆ ತಗ್ಗಿದೆ ಎನ್ನುತ್ತಾರೆ. ಎಲ್ಲ ಮಕ್ಕಳಿಗೂ ಈ ಚಮಚ ಇನ್ನೂ ಬೇಕೆ? (ನಿವೃತ್ತ ಶಿಕ್ಷಕರು, ಮೈಸೂರು)

ತಜ್ಞರೇ ಜಗಳವಾಡುತ್ತಿರುವ ವಿಷಯ. 1970ರಲ್ಲಿ ಈ ಕಾರ್ಯಕ್ರಮ ಆರಂಭವಾದದ್ದು ಕುರುಡು ತಡೆಯಲು. 1986ರಲ್ಲಿ ಇಂಡೊನೇಷ್ಯಾದ ‘ಆಚೆ’ ಎಂಬ ಹೆಸರಿನ ಪ್ರಾಂತ್ಯದ ಅಧ್ಯಯನ ಮಕ್ಕಳ ಸಾವು ಮೂರನೇ ಒಂದರಷ್ಟು ಇಳಿಯಿತೆಂದಾಗ ಉದ್ದೇಶ ಹಿಗ್ಗಿತು. ಆದರೆ ಉತ್ತರ ಪ್ರದೇಶದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಇಳಿಕೆ ತೀರಾ ಚಿಕ್ಕದು, ಖಚಿತವೆನ್ನುವಂತೆ ಇರಲಿಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ಕೊರತೆ ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ 18, ಐದರಿಂದ ಒಂಬತ್ತು ವರ್ಷದವರಲ್ಲಿ ಶೇ 22. ಶೇ 20 ದಾಟಿದರೆ ಅದನ್ನು ತೀವ್ರ ಸಾರ್ವಜನಿಕ ಆರೋಗ್ಯ ಸಮಸ್ಯೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ನಮ್ಮ ಅಭಿಪ್ರಾಯ: ಎಲ್ಲ ಜಿಲ್ಲೆಗೂ ಒಂದೇ ಚಮಚ ಎಂಬ ನೀತಿಯನ್ನು ಮರುಪರಿಶೀಲಿಸುವುದು ಸರಿ. ಆದರೆ ನೀತಿ ಬದಲಾಗುವವರೆಗೆ ನಿಮ್ಮ ಮೊಮ್ಮಗುವಿನ ಡೋಸ್ ತಪ್ಪಿಸಲು ಅದು ಕಾರಣವಲ್ಲ. ಅಂಕಿಯಲ್ಲಿ ಇನ್ನೊಂದನ್ನೂ ಗಮನಿಸಿ: ಚಮಚ ಐದು ವರ್ಷಕ್ಕೆ ನಿಲ್ಲುತ್ತದೆ, ಕೊರತೆ ಹೆಚ್ಚಿರುವುದು ಅದರಾಚೆಗಿನ ಮಕ್ಕಳಲ್ಲಿ. ಆ ವಯಸ್ಸಿಗೆ ಶಾಲೆಯ ಮೊಟ್ಟೆ, ಹಾಲು, ಬಿಸಿಯೂಟದ ಸೊಪ್ಪು ಬಿಟ್ಟರೆ ಬೇರೆ ಕಾರ್ಯಕ್ರಮವಿಲ್ಲ. ಮೊಟ್ಟೆ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

ಪ್ರಶ್ನೆ: ಪ್ಯಾಕೆಟ್ ಮೇಲೆ ‘ಪ್ಲಸ್ ಎಫ್’ ಗುರುತಿರುವ ಎಣ್ಣೆ ಕೊಂಡರೆ ಸಾಕೆ? (ದಾವಣಗೆರೆ)

ನಿಯಮದ ಪ್ರಕಾರ ಅಂಥ ಎಣ್ಣೆಯ ಪ್ರತಿ ಗ್ರಾಂಗೆ 6ರಿಂದ 9.9 ಮೈಕ್ರೋಗ್ರಾಂ ವಿಟಮಿನ್ ಎ ಸೇರಿಸಿರುತ್ತಾರೆ. ದಿನಕ್ಕೆ 20 ಗ್ರಾಂ ಎಣ್ಣೆ ತಿನ್ನುವವರಿಗೆ 120ರಿಂದ 198 ಸಿಗಬೇಕು. ವಯಸ್ಕ ಹೆಂಗಸಿಗೆ ಬೇಕಾದದ್ದು 840. ನೆರವು ಹೌದು, ಪೂರ್ತಿ ಅಲ್ಲ. ಪಾರದರ್ಶಕ ಬಾಟಲಿ ಅಂಗಡಿಯ ಬೆಳಕಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ, ಅಥವಾ ಅದೇ ಎಣ್ಣೆಯಲ್ಲಿ ಮೂರು ಸಲ ಬಜ್ಜಿ ಕರಿದರೆ, ಸೇರಿಸಿದ್ದರಲ್ಲಿ ಬಹುಪಾಲು ಹೋಗಿರುತ್ತದೆ. ಹೊಸ ತಾರೀಖಿನ ಪ್ಯಾಕೆಟ್ ತನ್ನಿ, ಸ್ಟೀಲ್ ಡಬ್ಬಿಗೆ ಸುರಿದು ಮುಚ್ಚಿಡಿ.